ಗೋಥಿಕ್ ಫಾಂಟಿನಲ್ಲಿ ಹಾಕಿದ ತಲೆಬರಹ ಯಾರಿಗೂ ಓದಲು ಬರುತ್ತಿಲ್ಲ

ಪ್ರಶ್ನೆ: ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಚರ್ಚಿನಲ್ಲಿ ನಡೆಯುವ ಮದುವೆಯೊಂದರ ಕಾರ್ಡಿಗೆ ‘ಹೋಲಿ ಮ್ಯಾಟ್ರಿಮನಿ’ ಎಂಬ ಇಂಗ್ಲಿಷ್ ತಲೆಬರಹವನ್ನು ಓಲ್ಡ್ ಇಂಗ್ಲಿಷ್ ಎಂಬ ಗೋಥಿಕ್ ಫಾಂಟಿನಲ್ಲಿ, ಪೂರ್ತಿ ಕ್ಯಾಪಿಟಲ್‌ನಲ್ಲಿ ಹಾಕಿದೆ. ಮನೆಯವರಿಗೆ ಓದಲೇ ಆಗಲಿಲ್ಲ. ಬೇರೆ ಗೋಥಿಕ್ ಫಾಂಟ್ ಹುಡುಕಿದರೆ ಫ್ರಾಂಕ್ಲಿನ್ ಗೋಥಿಕ್‌ನಂಥ ಸಾದಾ ಅಕ್ಷರಗಳೇ ಸಿಗುತ್ತವೆ. ಕೆಳಗಿನ ಕನ್ನಡ ಸಾಲಿಗೂ ಅದೇ ಶೈಲಿ ಬೇಕಂತೆ. ಏನು ಮಾಡಲಿ?
– ಓದುಗರು, ಮಂಗಳೂರು

ಉತ್ತರ: ನಿಮ್ಮ ಫಾಂಟ್ ಸರಿಯಾಗಿಯೇ ಇದೆ, ಕ್ಯಾಪಿಟಲ್ ಬಿಟ್ಟುಬಿಡಿ. ಈ ಶೈಲಿಯ ದೊಡ್ಡಕ್ಷರಗಳು ಪದದ ಬಾಗಿಲಲ್ಲಿ ಒಂಟಿಯಾಗಿ ನಿಲ್ಲಲೆಂದೇ ಬಳ್ಳಿ, ಕೊಂಡಿಗಳಿಂದ ಸಿಂಗರಿಸಿಕೊಂಡವು. ಸಾಲಾಗಿ ನಿಲ್ಲಿಸಿದರೆ ಒಂದರ ಅಲಂಕಾರ ಇನ್ನೊಂದಕ್ಕೆ ತಾಗಿ ಎಲ್ಲವೂ ಗೋಜಲಾಗುತ್ತದೆ. ಮೊದಲಕ್ಷರ ಮಾತ್ರ ದೊಡ್ಡದು, ಮಿಕ್ಕವು ಸಣ್ಣವು ಮಾಡಿ ನೋಡಿ.

ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಜರ್ಮನಿಯ ಮೈನ್ಜ್ ಊರಿನಲ್ಲಿ ಬೈಬಲ್ ಅಚ್ಚು ಹಾಕಿದ್ದು ಇದೇ ಮನೆತನದ ‘ಟೆಕ್ಸ್ಚುರಾ’ ಅಕ್ಷರಗಳಲ್ಲಿ. ಲ್ಯಾಟಿನ್‌ನಲ್ಲಿ ಆ ಹೆಸರಿಗೆ ನೇಯ್ಗೆ ಎಂದರ್ಥ, ನೋಡಲೂ ಅದು ನೇಯ್ಗೆಯೇ. ಅಗಲ ಮೊನೆಯ ಗರಿಲೇಖನಿ ಎಳೆದ ನೆಟ್ಟನೆಯ ಕಡ್ಡಿಗಳು, ನಡುವೆ ಹೆಚ್ಚುಕಡಿಮೆ ಅಷ್ಟೇ ಬಿಳಿ. ‘ಮಿನಿಮಮ್’ ಎಂಬ ಪದವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆದು ಎಣಿಸಿ: ಒಂದೇ ಬಗೆಯ 15 ಕಡ್ಡಿಗಳು! ‘ಐ’ ಅಕ್ಷರದ ತಲೆಯ ಮೇಲೆ ಗುರುತು ಬಂದದ್ದೇ ಈ ಕಡ್ಡಿಗಳ ಗುಂಪಿನಲ್ಲಿ ಅದು ಕಳೆದುಹೋಗದಿರಲಿ ಎಂದು. ಹಾಗಾಗಿ ಅಕ್ಷರಗಳ ನಡುವಿನ ಜಾಗ ಹಿಗ್ಗಿಸಬೇಡಿ, ನೇಯ್ಗೆ ಹರಿದುಹೋಗುತ್ತದೆ. ಎರಡು ಮೂರು ಪದ ದಾಟಬೇಡಿ. ಗೋಲ್ಡ್ ಫಾಯಿಲ್ ಹಾಕಿಸುವುದಿದ್ದರೆ ಒಂದು ಕಾರ್ಡ್ ಮೊದಲೇ ಒತ್ತಿಸಿ ನೋಡಿ. ಕೂದಲೆಳೆಯಂಥ ಗೆರೆಗಳು ಅಲ್ಲೇ ಕೈಕೊಡುವುದು.

ಹುಡುಕಾಟದ ಗೊಂದಲಕ್ಕೆ ನೀವು ಕಾರಣರಲ್ಲ. ಅಮೆರಿಕದ ಅಚ್ಚುಮೊಳೆ ತಯಾರಕರು 19ನೇ ಶತಮಾನದಲ್ಲಿ ಸೆರಿಫ್ (ಗೆರೆಗಳ ತುದಿಯ ಪುಟ್ಟ ಚಾಚು) ಇಲ್ಲದ ಸಾದಾ ಅಕ್ಷರಗಳಿಗೂ ‘ಗೋಥಿಕ್’ ಎಂದರು. 1902ರ ಫ್ರಾಂಕ್ಲಿನ್ ಗೋಥಿಕ್ ಆ ಸಾಲಿನದು. ಅದಕ್ಕೂ ಒಂದು ವರ್ಷ ಮೊದಲು ಫ್ರೆಡರಿಕ್ ಗೌಡಿ ರೂಪಿಸಿದ ಕಾಪರ್‌ಪ್ಲೇಟ್ ಗೋಥಿಕ್‌ಗೆ ಪುಟ್ಟ ಸೆರಿಫ್‌ಗಳಿವೆ, ಆದರೂ ಅದು ನಿಮಗೆ ಬೇಕಾದದ್ದಲ್ಲ. ನಿಮ್ಮ ಓಲ್ಡ್ ಇಂಗ್ಲಿಷ್‌ನ ಮನೆತನಕ್ಕೆ ‘ಬ್ಲ್ಯಾಕ್‌ಲೆಟರ್’ ಎಂಬ ಹೆಸರೂ ಇದೆ, ಹಾಗೆಂದು ಹುಡುಕಿ. ಕ್ಲಾಯ್ಸ್ಟರ್ ಬ್ಲ್ಯಾಕ್, ಗೌಡಿ ಟೆಕ್ಸ್ಟ್ ಎರಡೂ ಮದುವೆ ಕಾರ್ಡಿಗೆ ಒಪ್ಪುತ್ತವೆ. ಫೆಟ್ಟೆ ಫ್ರಾಕ್ಟೂರ್ ಬೇಡ. ಅದು ಜಾಹೀರಾತಿನ ದಪ್ಪ ಅಕ್ಷರ, ಅದರ ಕೆಲವು ಅಕ್ಷರಗಳನ್ನು ನಮ್ಮ ಕಣ್ಣು ತಪ್ಪಾಗಿಯೇ ಓದುತ್ತದೆ.

ಕನ್ನಡದ ಸಾಲಿಗೆ ಬಂದರೆ, ದಯವಿಟ್ಟು ನಮ್ಮ ಅಕ್ಷರಗಳ ದುಂಡನ್ನು ಮುರಿಯಬೇಡಿ. ‘ವ’ಕಾರ ‘ಪ’ಕಾರಗಳನ್ನು ಬೇರೆ ಮಾಡುವುದು ಎಷ್ಟು ಸಣ್ಣ ಗುರುತು ನೋಡಿ. ಅಲ್ಲಿ ಮೂಲೆ, ಮೊನೆ ಕೆತ್ತಿದರೆ ವರನ ಹೆಸರೇ ಬದಲಾದೀತು. ಅದರ ಬದಲು ಇಂಗ್ಲಿಷನ್ನೇ ಕನ್ನಡದ ಕಡೆಗೆ ಬಾಗಿಸಬಹುದು. ಬ್ಲ್ಯಾಕ್‌ಲೆಟರ್ ಮನೆತನದಲ್ಲೇ ‘ರೊಟುಂಡಾ’ ಎಂಬ ದುಂಡು ಕವಲಿದೆ. ಇಟಲಿ, ಸ್ಪೇನ್ ಕಡೆ ಬೆಳೆದದ್ದು. ಸ್ಯಾನ್ ಮಾರ್ಕೊ ಎಂಬ ಫಾಂಟ್ ಆ ಬಗೆಯದು. ಅದರ ಕೆಳಗೆ ದಪ್ಪ-ತೆಳು ಗೆರೆಗಳಿರುವ ಕನ್ನಡ ಫಾಂಟನ್ನು ಸ್ವಲ್ಪ ಚಿಕ್ಕದಾಗಿ, ಸುತ್ತ ಧಾರಾಳ ಜಾಗ ಬಿಟ್ಟು ಕೂರಿಸಿ, ಪ್ರಿಂಟ್ ತೆಗೆದು ಮನೆಯ ಹಿರಿಯರೊಬ್ಬರ ಕೈಯಲ್ಲಿ ಓದಿಸಿ.