ನಾಲಿಗೆಯ ಉರಿಗೆ ಸತುವಿನ ಮಾತ್ರೆ ಸಾಕೇ?
ಆರು ತಿಂಗಳಿಂದ ನಾಲಿಗೆ ಉರಿಯುತ್ತಿದೆ, ಸತುವಿನ ಮಾತ್ರೆಯನ್ನು ಮುಂದುವರಿಸಬಹುದೇ ಎಂದು ತಾವು ಗದಗಿನಿಂದ ಕೇಳಿದ್ದೀರಿ. ಪರೀಕ್ಷೆಯಿಲ್ಲದೆ ಮುಂದುವರಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಸತುವು ಬಹುಕಾಲ ಅತಿಯಾದರೆ ದೇಹದಲ್ಲಿ ತಾಮ್ರದ ಕೊರತೆ ಉಂಟಾಗಬಹುದು. ನಾಲಿಗೆ ನುಣುಪಾಗಿ, ತುಟಿಯ ಮೂಲೆಗಳು ಬಿರಿದಿದ್ದರೆ ಮೊದಲು ಕಬ್ಬಿಣದ ಕೊರತೆಯನ್ನು ಶಂಕಿಸಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ಸಂಗ್ರಹ ಬರಿದಾಗಿರಬಹುದಾದ್ದರಿಂದ ಆ ಸಂಗ್ರಹವನ್ನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ, ಜೊತೆಗೆ ಬಿ12 ಮತ್ತು ರಕ್ತದ ಸಕ್ಕರೆಯ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಿ. ನಮ್ಮ ಜೋಳದ ರೊಟ್ಟಿಯಲ್ಲಿ ಕಬ್ಬಿಣವಿದ್ದರೂ ಅದರೊಳಗಿನ ಫೈಟೇಟ್ ಅಂಶವು ಹೀರಿಕೆಯನ್ನು ತಗ್ಗಿಸುತ್ತದೆ, ಊಟದ ಬೆನ್ನಿಗೇ ಕುಡಿಯುವ ಚಹಾ (ಅದನ್ನು ಬಿಡುವ ಕಷ್ಟವನ್ನು ನಾನೂ ಬಲ್ಲೆ) ಇನ್ನಷ್ಟು ತಗ್ಗಿಸುತ್ತದೆ. ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣದ ಹೀರಿಕೆಗೆ ಅನುಕೂಲ. ಬಾಯಿಯಲ್ಲಿ ಬಿಳಿ ಮಚ್ಚೆಯಾಗಲಿ, 2-3 ವಾರಗಳಲ್ಲಿ ಮಾಯದ ಹುಣ್ಣಾಗಲಿ ಇದ್ದರೆ, ಅದರಲ್ಲೂ ಗುಟ್ಕಾ ಅಭ್ಯಾಸವಿದ್ದರೆ, ತಡಮಾಡದೆ ಹುಬ್ಬಳ್ಳಿಯ ಸರ್ಕಾರಿ ಕಿಮ್ಸ್ ಆಸ್ಪತ್ರೆಗೆ (ಈಗಿನ ಹೆಸರು ಕೆಎಂಸಿಆರ್‌ಐ) ಹೋಗಿ ತೋರಿಸಿ.