ಒಳದಾರಿ ಹಿಡಿದರೆ ತಪ್ಪೇನು? ಟ್ರೇಲ್ ಓಟದ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಹಲವು ವರ್ಷ ರಸ್ತೆಯ ಮೇಲೆ ಓಡಿದ ಬಳಿಕ ಈಚೆಗೆ ಟ್ರೇಲ್ ಓಟಕ್ಕೆ, ಅಂದರೆ ಬೆಟ್ಟ-ಕಾಡುಗಳ ಕಾಲುದಾರಿಯ ಓಟಕ್ಕೆ, ಬಂದಿದ್ದೇನೆ. ಮೊದಲ ಸ್ಪರ್ಧೆಯಲ್ಲಿ ಬೆಟ್ಟ ಇಳಿಯುವಾಗ ಕಾಲುದಾರಿ ಹಾವಿನಂತೆ ಸುತ್ತಿಕೊಂಡು ಸಾಗಿತ್ತು. ನನ್ನ ಹಿಂದಿದ್ದ ಐವರು ತಿರುವುಗಳನ್ನು ಬಿಟ್ಟು, ಹುಲ್ಲಿನ ಮೇಲೆ ನೇರವಾಗಿ ಇಳಿದು ನನ್ನನ್ನು ದಾಟಿ ಹೋದರು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ದಾರಿ ಬಿಡದೆ ಓಡಿದ ನಾನು ಪೆದ್ದನಾದೆನೇ?

ಉತ್ತರ: ಖಂಡಿತ ಇಲ್ಲ. ಗುರುತು ಹಾಕಿದ ದಾರಿಯನ್ನು ಬಿಟ್ಟು ದೂರ ಉಳಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಸಮಯದ ದಂಡವೋ ಅನರ್ಹತೆಯೋ ಕಾದಿರುತ್ತದೆ. ಆದರೆ ಈ ನಿಯಮವನ್ನು ಕಾಯುವವರು ಯಾರು ಎಂಬಲ್ಲಿ ಟ್ರೇಲ್ ಓಟ ಬೇರೆ ಕ್ರೀಡೆಗಳಿಗಿಂತ ಭಿನ್ನವಾಗುತ್ತದೆ. ಕ್ರೀಡಾಂಗಣದಲ್ಲಿ ಗೆರೆ ತುಳಿದರೆ ತೀರ್ಪುಗಾರರ ಕಣ್ಣಿಗೆ ಬೀಳುತ್ತದೆ. ಬೆಟ್ಟದಲ್ಲಿ ಒಂದು ತಪಾಸಣಾ ಕೇಂದ್ರಕ್ಕೂ ಇನ್ನೊಂದಕ್ಕೂ ನಡುವೆ ಹಲವು ಕಿಲೋಮೀಟರ್‌ಗಳಿದ್ದು, ಅಷ್ಟು ದೂರವೂ ಓಟಗಾರನೇ ತನ್ನ ತೀರ್ಪುಗಾರನಾಗಿರುತ್ತಾನೆ.

ಸ್ಥಾನಕ್ಕಿಂತ ದೊಡ್ಡ ಹಾನಿ ಆಗುವುದು ನೆಲಕ್ಕೆ. ಇಳಿಜಾರಿನಲ್ಲಿ ದಾರಿಯನ್ನು ಅಡ್ಡಡ್ಡವಾಗಿ ತಿರುಗಿಸುವುದು ಹತ್ತುವವರ ದಣಿವು ತಗ್ಗಿಸುವುದಕ್ಕಷ್ಟೇ ಅಲ್ಲ, ಮಳೆನೀರು ದಾರಿಗುಂಟ ನೇರವಾಗಿ ಧುಮ್ಮಿಕ್ಕಿ ಮಣ್ಣನ್ನು ಕೊಚ್ಚದಿರಲಿ ಎಂಬುದಕ್ಕೂ ಹೌದು. ನಾಲ್ಕು ಜನ ನೇರವಾಗಿ ಇಳಿದಲ್ಲಿ ಹುಲ್ಲು ಮಲಗಿ ಒಂದು ಗೆರೆ ಮೂಡುತ್ತದೆ. ಹಿಂದೆ ಬರುವವರು ಅದನ್ನೇ ದಾರಿಯೆಂದು ತಿಳಿಯುತ್ತಾರೆ. ನೂರಾರು ಕಾಲುಗಳ ತುಳಿತಕ್ಕೆ ಬೇರು ಸತ್ತು ಮಣ್ಣು ಗಟ್ಟಿಯಾದ ಮೇಲೆ, ಹೀರಲಾಗದ ನೀರು ಅದೇ ಗೆರೆಯಲ್ಲಿ ಹರಿದು ಕೊರಕಲು ಮಾಡುತ್ತದೆ. ಕೆಸರಿನ ವಿಷಯವೂ ಇದೇ. ಬೂಟು ಒದ್ದೆಯಾದೀತೆಂದು ಎಲ್ಲರೂ ಅಂಚಿನಲ್ಲಿ ಹಾದರೆ, ಒಬ್ಬರು ಸಾಗುವಷ್ಟಿದ್ದ ದಾರಿ ಕೆಲವೇ ಮಳೆಗಾಲಗಳಲ್ಲಿ ಬಂಡಿ ಹೋಗುವಷ್ಟು ಅಗಲವಾಗುತ್ತದೆ. ಆದ್ದರಿಂದ ಕೆಸರಿನ ನಟ್ಟನಡುವೆಯೇ ಓಡಬೇಕು. (ದುಬಾರಿ ಬೂಟಿನ ಬಗ್ಗೆ ಅಷ್ಟೊಂದು ಮರುಕವಿರುವವರಿಗೆ ಡಾಂಬರು ರಸ್ತೆ ಇದ್ದೇ ಇದೆ.)

ನೀವು ಮಾಡಬಹುದಾದದ್ದು ಇನ್ನೊಂದಿದೆ. ಆ ಐವರ ಬಿಬ್ ಸಂಖ್ಯೆ (ಓಟಗಾರರು ಅಂಗಿಯ ಮೇಲೆ ಧರಿಸುವ ಸಂಖ್ಯೆ) ನಿಮಗೆ ಖಚಿತವಾಗಿ ತಿಳಿದಿರದಿದ್ದರೂ ಚಿಂತೆಯಿಲ್ಲ, ಯಾವ ತಿರುವಿನಲ್ಲಿ ಹೀಗಾಯಿತೆಂಬುದನ್ನು ಆಯೋಜಕರಿಗೆ ತಿಳಿಸಿ. ಮುಂದಿನ ಸಲ ಅಲ್ಲೊಂದು ಪಟ್ಟಿ ಕಟ್ಟುವುದು ಅಥವಾ ಸ್ವಯಂಸೇವಕರೊಬ್ಬರನ್ನು ನಿಲ್ಲಿಸುವುದು ಕಷ್ಟದ ಕೆಲಸವಲ್ಲ. ಇದನ್ನು ಚಾಡಿಯೆಂದು ನಾನು ಎಣಿಸುವುದಿಲ್ಲ.

ಪ್ರಶ್ನೆ: ಓಟದ ನಡುವೆ ಯಾರಾದರೂ ಬಿದ್ದಿದ್ದರೆ ನಿಲ್ಲಲೇಬೇಕೇ? ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದು ಒಂದು ಗಳಿಗೆಯಲ್ಲಿ ವ್ಯರ್ಥವಾಗುವುದಿಲ್ಲವೇ?

ಉತ್ತರ: ನಿಲ್ಲಲೇಬೇಕು. 2013ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಟ್ರೇಲ್ ಓಟದ ಸಂಘವು ತನ್ನ ಮೌಲ್ಯಗಳಲ್ಲಿ ಪರಸ್ಪರ ನೆರವನ್ನೂ ಎಣಿಸಿದೆ. ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ, ಸುಮಾರು 170 ಕಿಲೋಮೀಟರ್ ದೂರದ ಪ್ರಸಿದ್ಧ ಸ್ಪರ್ಧೆಯ ನಿಯಮಗಳಲ್ಲೂ ತೊಂದರೆಯಲ್ಲಿರುವವರಿಗೆ ನೆರವಾಗಿ, ರಕ್ಷಣಾ ತಂಡಕ್ಕೆ ಸುದ್ದಿ ಮುಟ್ಟಿಸುವುದು ಓಟಗಾರನ ಕರ್ತವ್ಯವೇ ಆಗಿದೆ. ನೆರವಿಗೆ ವ್ಯಯವಾದ ಸಮಯವನ್ನು ಆಯೋಜಕರು ಕಳೆದು ಲೆಕ್ಕ ಹಾಕುವುದೂ ಉಂಟು; ಆದರೆ ಅದನ್ನು ನಂಬಿಕೊಂಡು ನಿಲ್ಲಬೇಡಿ, ಸಮಯ ಹೋದರೆ ಹೋಗಲಿ ಎಂದುಕೊಂಡೇ ನಿಲ್ಲಿ.

ಪ್ರತಿ ಎಡವಿಗೂ ಓಟವನ್ನೇ ಕೈಬಿಡಬೇಕೆಂದು ಇದರ ಅರ್ಥವಲ್ಲ. "ಹೇಗಿದ್ದೀರಿ?" ಎಂದು ಕೇಳಿ, ಸ್ಪಷ್ಟವಾದ ಉತ್ತರ ಬಂದರೆ ಮುಂದುವರಿಯಬಹುದು. ಉತ್ತರ ತೊದಲಿದರೆ, ನಡುಕವಿದ್ದರೆ, ಹೆಜ್ಜೆ ತಪ್ಪುತ್ತಿದ್ದರೆ ದೇಹದ ಶಾಖ ಇಳಿಯುತ್ತಿರಬಹುದು. ಅಂಥವರನ್ನು ಗಾಳಿಯಿಂದ ಮರೆಮಾಡಿ, ತುರ್ತು ಹೊದಿಕೆ ಹೊದಿಸಿ, ಒಂಟಿಯಾಗಿ ಬಿಡದೆ, ದಾಟಿ ಹೋಗುವ ಮತ್ತೊಬ್ಬರ ಮೂಲಕ ಸುದ್ದಿ ಕಳುಹಿಸಬೇಕು. ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ತಡೆದು, ಮತ್ತೆ ಊದುವುದು ಪರ್ವತಪ್ರದೇಶಗಳಲ್ಲಿ ಅಪಾಯದ ಕರೆಯೆಂದು ರೂಢಿಯಲ್ಲಿದೆ.

ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು ನಡೆದ 100 ಕಿಲೋಮೀಟರ್ ಓಟವನ್ನು ಇಲ್ಲಿ ನೆನೆಯಬೇಕು. ಆಲಿಕಲ್ಲು, ಕೊರೆಯುವ ಮಳೆ ಮತ್ತು ಬಿರುಗಾಳಿ ಏಕಾಏಕಿ ಎರಗಿ 21 ಓಟಗಾರರು ಸತ್ತರು. ಗಾಳಿ ತಡೆಯುವ ಜಾಕೆಟ್ಟನ್ನು ಆ ಸ್ಪರ್ಧೆಯಲ್ಲಿ ಕಡ್ಡಾಯ ಮಾಡಿರಲಿಲ್ಲ. ಗುಹೆಯೊಂದರಲ್ಲಿ ಆಶ್ರಯ ಪಡೆದಿದ್ದ ಕುರಿಗಾಹಿಯೊಬ್ಬ ಆರು ಮಂದಿಯನ್ನು ಅಲ್ಲಿಗೆ ಕರೆದೊಯ್ದು, ಬೆಂಕಿ ಹಾಕಿ ಬದುಕಿಸಿದ. ಕಡ್ಡಾಯ ಸಾಮಗ್ರಿಯನ್ನು ತಪಾಸಣೆಯಲ್ಲಿ ತೋರಿಸಿ, ಭಾರ ಇಳಿಸಲೆಂದು ಆಮೇಲೆ ತೆಗೆದಿಡುವವರನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ: ಅವರು ಬಿದ್ದರೆ ಹೊದೆಯಬೇಕಾದದ್ದು ಬೇರೆಯವರ ಚೀಲದಲ್ಲಿರುವ ಒಂದೇ ಹೊದಿಕೆಯನ್ನು.

ಪ್ರಶ್ನೆ: ಓಡುತ್ತಲೇ ಹೀರಿಕೊಳ್ಳುವ ಶಕ್ತಿಯ ಪಾಕದ, ಅಂದರೆ ಜೆಲ್‌ನ, ಪೊಟ್ಟಣ ಎಸೆಯಬಾರದೆಂಬುದು ಸರಿ. ಬಾಳೆಹಣ್ಣಿನ ಸಿಪ್ಪೆ ಮಣ್ಣಿಗೆ ಸೇರುವಂಥದ್ದೇ ತಾನೆ?

ಉತ್ತರ: ಸೇರುತ್ತದೆ, ಆದರೆ ನೀವೆಣಿಸಿದಷ್ಟು ಬೇಗ ಅಲ್ಲ, ತಂಪು ಹವೆಯ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಅಷ್ಟರೊಳಗೆ ಪ್ರಾಣಿಗಳು ದಾರಿಯ ಬದಿಯಲ್ಲಿ ತಿನಿಸು ಸಿಗುತ್ತದೆಂದು ಕಲಿತಿರುತ್ತವೆ. ಸಿಪ್ಪೆಯನ್ನೂ ಚೀಲಕ್ಕೇ ಹಾಕಿಕೊಳ್ಳಿ. ಜೆಲ್ ಪೊಟ್ಟಣದ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ದಾರಿಯಲ್ಲಿ ಹೆಚ್ಚಾಗಿ ಸಿಗುವುದು ಇಡೀ ಪೊಟ್ಟಣವಲ್ಲ, ಹಲ್ಲಿನಿಂದ ಹರಿದು ಉಗುಳಿದ ಅದರ ಪುಟ್ಟ ಮೂಲೆ. ಮೂಲೆಯನ್ನು ಪೂರ್ತಿ ಕಿತ್ತುಹಾಕದೆ, ಪೊಟ್ಟಣಕ್ಕೆ ಅಂಟಿಕೊಂಡಿರುವಂತೆ ಹರಿಯುವುದನ್ನು ರೂಢಿಸಿಕೊಳ್ಳಿ.