ಪಾಠವಾರು ಮಾಡಿದರೆ ಸರಿಯಾಗುತ್ತದೆ, ಬೆರೆತು ಬಂದರೆ ತಪ್ಪುತ್ತದೆ: ಪಿಯು ಗಣಿತದ ಪುನರಾವರ್ತನೆ

ಪ್ರಶ್ನೆ: ದ್ವಿತೀಯ ಪಿಯು ವಿಜ್ಞಾನ ಓದುತ್ತಿದ್ದೇನೆ. ಕತಗಾಲದಿಂದ ಕುಮಟಾಕ್ಕೆ ದಿನಾ ಬಸ್ಸಿನ ಓಡಾಟ. ಇಂಟಿಗ್ರೇಶನ್ ಲೆಕ್ಕಗಳು ಮನೆಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸರಿಯಾಗುತ್ತವೆ. ಪ್ರಿಪರೇಟರಿ ಪರೀಕ್ಷೆಯಲ್ಲಿ ಅಂಥವೇ ಬಂದಾಗ ಎಲ್ಲಿಂದ ಶುರುಮಾಡಬೇಕೆಂದೇ ಹೊಳೆಯಲಿಲ್ಲ. ಇನ್ನೂ ಹೆಚ್ಚು ಲೆಕ್ಕ ಮಾಡಬೇಕೇ?
– ವಿದ್ಯಾರ್ಥಿನಿ, ಕುಮಟಾ ತಾಲೂಕು

ಉತ್ತರ: ಹೆಚ್ಚು ಬೇಡ, ಬೇರೆಬೇರೆ ವಿಧಾನದ ಲೆಕ್ಕಗಳನ್ನು ಬೆರೆಸಿ ಮಾಡಿ. ಪಾಠದ ಒಂದು ಅಭ್ಯಾಸಕ್ಕೆ ಕೂತಾಗ ಅಲ್ಲಿರುವುದೆಲ್ಲ ಸಬ್‌ಸ್ಟಿಟ್ಯೂಷನ್ (ಒಂದು ಭಾಗಕ್ಕೆ ಹೊಸ ಅಕ್ಷರ ಇಟ್ಟು ಬಿಡಿಸುವ) ಲೆಕ್ಕ ಎಂದು ಮೊದಲೇ ಗೊತ್ತಿರುತ್ತದೆ. ವಿಧಾನ ಆರಿಸುವ ಕೆಲಸವನ್ನು ಪುಸ್ತಕವೇ ಮಾಡಿಕೊಟ್ಟಿರುತ್ತದೆ. ಪರೀಕ್ಷೆಯಲ್ಲಿ ಅದು ನಿಮ್ಮ ಪಾಲಿಗೆ ಬರುತ್ತದೆ.

ಛೇದದಲ್ಲಿ ಎಕ್ಸ್²+1 ಇರುವ ಮೂರು ಲೆಕ್ಕ ತೆಗೆದುಕೊಳ್ಳಿ. ಅಂಶದಲ್ಲಿ ಬರೇ 1 ಇದ್ದರೆ ನೇರ ಸೂತ್ರ, ಟ್ಯಾನ್ ಇನ್ವರ್ಸ್ ಎಕ್ಸ್. ಎಕ್ಸ್ ಇದ್ದರೆ ಸಬ್‌ಸ್ಟಿಟ್ಯೂಷನ್, ಉತ್ತರ ½ ಲಾಗ್(ಎಕ್ಸ್²+1). ಎಕ್ಸ್² ಇದ್ದರೆ ಅಂಶಕ್ಕೆ 1 ಕೂಡಿಸಿ ಕಳೆದು ಒಡೆಯಬೇಕು, ಉತ್ತರ ಎಕ್ಸ್ – ಟ್ಯಾನ್ ಇನ್ವರ್ಸ್ ಎಕ್ಸ್. ಮೂರಕ್ಕೂ ಕೊನೆಯಲ್ಲಿ +ಸಿ (ಸ್ಥಿರಾಂಕ) ಮರೆಯಬೇಡಿ. ಒಂದರ ಪಕ್ಕ ಒಂದಿಟ್ಟು ಮಾಡಿದರೆ ಮಾತ್ರ ಕಣ್ಣು ಅಂಶದ ಕಡೆ ಹೋಗುವುದನ್ನು ಕಲಿಯುತ್ತದೆ.

13 ಪಾಠಗಳಿಂದ ತಲಾ ನಾಲ್ಕು ಲೆಕ್ಕ ಆರಿಸಿ, ಇಂಟಿಗ್ರೇಶನ್ನಿನಿಂದ ಹತ್ತು. ಒಂದೊಂದನ್ನೂ ಒಂದು ಚೀಟಿಯಲ್ಲಿ ಬರೆದು, ಹಿಂದೆ ವಿಧಾನ ಮತ್ತು ಮೊದಲ ಹೆಜ್ಜೆ ಬರೆಯಿರಿ. ಬಸ್ಸಿನಲ್ಲಿ ಚೀಟಿ ನೋಡಿ ವಿಧಾನ ಹೇಳಿಕೊಂಡು ತಿರುಗಿಸಿ ನೋಡಿದರಾಯಿತು, ಪೆನ್ನು ಬೇಡ. ಸಂಜೆ ಆರು ಚೀಟಿ ಎತ್ತಿ, ಗಡಿಯಾರ ಇಟ್ಟು ಪೂರ್ತಿ ಬಿಡಿಸಿ. ತಪ್ಪಿದ್ದರ ಮೇಲೆ ಕಾರಣ ಗುರುತು ಹಾಕಿ: ವಿಧಾನ ಹೊಳೆಯಲಿಲ್ಲ, ಹೆಜ್ಜೆ ತಪ್ಪಿತು, ಚಿಹ್ನೆ ತಪ್ಪಿತು. ವಿಧಾನವೇ ಹೊಳೆಯದ ಚೀಟಿ ಎರಡು ದಿನ ಬಿಟ್ಟು ಮತ್ತೆ ಬರಲಿ. ಒಂದೇ ಪಾಠದಲ್ಲಿ ಮೂರು ಸಲ ಹೆಜ್ಜೆ ತಪ್ಪಿದರೆ ಆ ಪಾಠಕ್ಕೆ ಹಿಂತಿರುಗಿ. ಪಾಠವಾರು ಅಭ್ಯಾಸದ ಉಪಯೋಗ ಅಲ್ಲಿದೆ.

ತುಂಬ ಜನ ಎಡವುವ ಜಾಗ ಒಂದಿದೆ, ಲಿಮಿಟ್ (ಇಂಟಿಗ್ರೇಶನ್ನಿನ ಕೆಳಗಿನ-ಮೇಲಿನ ಮಿತಿ) ಬದಲಿಸದಿರುವುದು. ಮೇಲಿನ ಎರಡನೇ ಲೆಕ್ಕವನ್ನೇ 0ಯಿಂದ 1ರವರೆಗೆ ಮಾಡುವಾಗ ಟಿ = ಎಕ್ಸ್²+1 ಎಂದಿಟ್ಟರೆ ಲಿಮಿಟ್ 1ರಿಂದ 2 ಆಗುತ್ತದೆ, ಉತ್ತರ ½ ಲಾಗ್ 2. ಹಳೆಯ ಲಿಮಿಟನ್ನೇ ಉಳಿಸಿಕೊಂಡರೆ ಲಾಗ್ 0 ಎದುರಾಗಿ ಲೆಕ್ಕ ಅಲ್ಲೇ ನಿಲ್ಲುತ್ತದೆ. ಟಿ ಬರೆದ ಸಾಲಿನಲ್ಲೇ ಹೊಸ ಲಿಮಿಟ್ ಬರೆದುಬಿಡಿ.

ಪ್ರಶ್ನೆ: ಮಗನಿಗೆ ಕೊನೆಯ ಹದಿನೈದು ದಿನ ಲೀನಿಯರ್ ಪ್ರೋಗ್ರಾಮಿಂಗ್ ಬಿಡಿಸಿ ಕ್ಯಾಲ್ಕುಲಸ್ ಮಾತ್ರ ಮಾಡಿಸಲೇ?
– ಪೋಷಕರು, ಕಾರವಾರ

ಉತ್ತರ: ಬಿಡಿಸಬೇಡಿ. ಕೊಟ್ಟ ಷರತ್ತುಗಳೊಳಗೆ ಗರಿಷ್ಠ ಅಥವಾ ಕನಿಷ್ಠ ಬೆಲೆ ಹುಡುಕುವ ಸಣ್ಣ ಪಾಠ ಅದು, ಹೆಜ್ಜೆಗಳು ಪ್ರತಿಸಲ ಅವೇ. ಗೆರೆಯ ಯಾವ ಬದಿಗೆ ಛಾಯೆ ಎಂಬುದನ್ನು (0, 0) ಹಾಕಿ ನೋಡಲಿ. ಗೆರೆಯೇ ಅಲ್ಲಿ ಹಾದುಹೋದರೆ ಬೇರೆ ಬಿಂದು ಹಿಡಿಯಲಿ. ಮೂಲೆಬಿಂದುಗಳನ್ನು ಗ್ರಾಫಿನಿಂದ ಅಂದಾಜಿಗೆ ಓದದೆ ಸಮೀಕರಣ ಬಿಡಿಸಿ ತೆಗೆಯಲಿ. ಪ್ರದೇಶ ಒಂದು ಕಡೆ ತೆರೆದೇ ಇದ್ದರೆ ಮೂಲೆಯಲ್ಲಿ ಸಿಕ್ಕ ಕನಿಷ್ಠ ಬೆಲೆಯನ್ನು ಹಾಗೇ ಬರೆದು ಬಿಡಬಾರದು. ಅದಕ್ಕಿಂತ ಕಡಿಮೆ ಬೆಲೆ ಕೊಡುವ ಅರ್ಧತಲಕ್ಕೂ ಆ ಪ್ರದೇಶಕ್ಕೂ ಸಮಾನ ಬಿಂದು ಇಲ್ಲವೆಂದು ತೋರಿಸಿ, ಆ ಮಾತನ್ನು ಒಂದು ಸಾಲಿನಲ್ಲಿ ಬರೆಯಬೇಕು.